ಹಿಂದಿನ ಸೀಟಿನಲ್ಲಿ ಕಲಿತ ಇಂಗ್ಲಿಷ್

ಹೊರಡುವ ಮುನ್ನ, ಚಾಮರಾಜಪೇಟೆ

ನಾನು ಮಲ್ಲೇಶ್ವರದ ಒಂದು ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ನನ್ನ ವಿದ್ಯಾರ್ಥಿಗಳು ಬಹಳ ಸಹನಶೀಲರು. ಟೆನ್ಸ್ ಸಹಿಸುತ್ತಾರೆ, ಆರ್ಟಿಕಲ್ ಸಹಿಸುತ್ತಾರೆ. ಫ್ರೇಸಲ್ ವರ್ಬ್ ಪಾಠ ಬಂದ ದಿನ ಮಾತ್ರ ದಂಗೆ ಏಳುತ್ತಾರೆ. 'ಗಿವ್' ಅಂದರೆ ಕೊಡು. ಅದರ ಬಾಲಕ್ಕೆ 'ಅಪ್' ಅಂಟಿಸಿದರೆ ಕೈಬಿಡು, 'ಇನ್' ಅಂಟಿಸಿದರೆ ಸೋತು ಒಪ್ಪಿಕೊ. 'ಪುಟ್' ಅಂದರೆ ಇಡು, ಆದರೆ 'ಪುಟ್ ಅಪ್ ವಿತ್' ಅಂದರೆ ತಾಳಿಕೊ. ಕಳೆದ ಬ್ಯಾಚಿನಲ್ಲಿ ನಾಗೇಶ ಎದ್ದು ನಿಂತ. ಅವನು ಉಪ್ಪಾರಪೇಟೆಯ ಲಾಡ್ಜೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತಾನೆ.

"ಮೇಡಂ, ಒಂದೊಂದು ಪದ ಕಲಿಯೋದೇ ಕಷ್ಟ. ಇವರು ಮೂರ್ಮೂರು ಕಟ್ಟಿ ಗೊಂಚಲು ಮಾಡ್ತಾರಲ್ಲ, ಅಲ್ಲಿನೋರು ನಿಜವಾಗ್ಲೂ ಹಿಂಗ್ ಮಾತಾಡ್ತಾರಾ? ಇಲ್ಲ, ನಮ್ಮನ್ನ ಫೇಲ್ ಮಾಡೋಕೆ ಇಟ್ಟಿದಾರಾ?"

"ಮಾತಾಡ್ತಾರೆ."

"ನೀವ್ ಕೇಳಿದೀರಾ?"

ಕೇಳಿರಲಿಲ್ಲ. ಇಡೀ ಕ್ಲಾಸು ನಕ್ಕಿತು. ಅದೇ ವಾರ ನನಗೆ ವೀಸಾ ಬಂತು.

ನನ್ನ ಅಕ್ಕ ಮಂಗಳಾ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಸಣ್ಣ ಊರಿನಲ್ಲಿ ನರ್ಸ್. ಮೂರು ವರ್ಷದಿಂದ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ಅವಳಿಗೆ ಹಗಲು ಯಾವುದು, ಇರುಳು ಯಾವುದು ಎಂಬುದೇ ಮರೆತುಹೋಗಿತ್ತು. ಈಗ ಮನೆಮನೆಗೆ ಹೋಗಿ ವಯಸ್ಸಾದವರ ಗಾಯಕ್ಕೆ ಪಟ್ಟಿ ಕಟ್ಟುವ, ಇನ್ಸುಲಿನ್ ಕೊಡುವ ಹಗಲಿನ ಕೆಲಸ ಖಾಲಿಯಾಗಿತ್ತು. ಅವಳ ಮೇಲಧಿಕಾರಿ ಅದನ್ನು ಇವಳಿಗೇ ಹಿಡಿದಿಟ್ಟಿದ್ದರು. ಆದರೆ ಆ ಹಳ್ಳಿಗಾಡಿನಲ್ಲಿ ಕಾರಿಲ್ಲದೆ ಆ ಕೆಲಸ ಆಗುವುದಿಲ್ಲ, ನಮ್ಮ ಲೈಸೆನ್ಸ್ ಅಲ್ಲಿ ಒಂದು ವರ್ಷದ ಮೇಲೆ ನಡೆಯುವುದಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಅಕ್ಕ ಎರಡು ಸಲ ಫೇಲಾಗಿದ್ದಳು. ಮೂರನೆಯದು ನಾನಿರುವಾಗಲೇ ಇತ್ತು. ಅದೂ ಹೋದರೆ ಕೆಲಸ ಬೇರೆಯವರಿಗೆ.

"ಚಿಕ್‌ಪೇಟೆ ಗಲ್ಲೀಲಿ ಅಪ್ಪನ ಕಾರು ಬಿಟ್ಟೋಳು ನಾನು. ಇಲ್ಲಿ ಖಾಲಿ ರೋಡಲ್ಲಿ ಫೇಲು. ಯಾರ್ ಹತ್ರಾನೂ ಹೇಳ್ಬೇಡ" ಎಂದಿದ್ದಳು ಫೋನಿನಲ್ಲಿ.

ಅಪ್ಪನಿಗೆ ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿ. ಆ ಗಲ್ಲಿಯಲ್ಲಿ ಕಾರು ಬಿಟ್ಟವರು ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಬಿಡಬಹುದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಶನಿವಾರ, ಏರ್‌ಪೋರ್ಟು

ಅಮ್ಮ ನನ್ನ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಪಕ್ಕ ಎರಡು ವಿಭೂತಿ ಗಟ್ಟಿ ಇಟ್ಟಿದ್ದಳು. ಬಿಳಿ ಗಟ್ಟಿಗಳು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ರಬ್ಬರ್‌ಬ್ಯಾಂಡ್ ಹಾಕಿ, ಮತ್ತೆ ಪೇಪರಿನಲ್ಲಿ ಸುತ್ತಿ. ಇಂಗ್ಲೆಂಡಿನಲ್ಲಿ ಇಳಿದಾಗ ಅದನ್ನು ಹೊರಗೆ ತೆಗೆದ ಕಸ್ಟಮ್ಸ್ ಅಧಿಕಾರಿಣಿಯ ಹುಬ್ಬು ಮೇಲೇರಿತು.

ನಾನು ವಿವರಿಸಲು ಹೋದಾಗ ಇಂಗ್ಲಿಷ್ ಕೈಕೊಟ್ಟಿತು. ಪಾಠ ಹೇಳುವವಳಿಗೆ ಆಗಬಾರದ್ದು ಅದು. ಕೊನೆಗೆ ಮಾತು ಬಿಟ್ಟು, ಗಟ್ಟಿಯ ಮೇಲೆ ಮೂರು ಬೆರಳು ಉಜ್ಜಿ, ಹಣೆಗೆ ಅಡ್ಡ ಎಳೆದುಕೊಂಡು ತೋರಿಸಿದೆ. ಅವರು ಒಮ್ಮೆ ಗಟ್ಟಿ ನೋಡಿದರು, ಒಮ್ಮೆ ನನ್ನ ಹಣೆ ನೋಡಿದರು. ಹಿಂದೆ ಸಾಲು ಬೆಳೆಯುತ್ತಿತ್ತು. "ಪುಟ್ ಇಟ್ ಬ್ಯಾಕ್ ಇನ್, ಲವ್. ಆಫ್ ಯು ಗೋ" ಎಂದರು, ಒಳಗಿಟ್ಟುಕೊಂಡು ಹೊರಡಮ್ಮ ಎಂದು.

ಟ್ರೈನಿನಲ್ಲಿ ಕೂತು ಡೈರಿ ತೆರೆದೆ. ಕ್ರಿಯಾಪದದ ಬಾಲಕ್ಕೆ ಅಂಟುವ ಆ ಪುಟ್ಟ ಪದಗಳಿಗೆಂದೇ ಕೊನೆಯ ಪುಟಗಳಲ್ಲಿ ಗೆರೆ ಹಾಕಿಟ್ಟಿದ್ದೆ. ಮೊದಲ ಸಾಲು ಬರೆದಾಗ ಹಣೆಯಲ್ಲಿ ವಿಭೂತಿ ಇನ್ನೂ ಇತ್ತು. ಎದುರಿಗೆ ಕೂತ ಅಜ್ಜ ಅದನ್ನೇ ನೋಡುತ್ತಿದ್ದರು, ಕೇಳಲಿಲ್ಲ. ನಮ್ಮ ಕಡೆ ಆಗಿದ್ದರೆ ಮುಂದಿನ ಸ್ಟಾಪಿನೊಳಗೆ ನನ್ನ ಊರು, ಮನೆತನ, ಸಂಬಳ ಎಲ್ಲ ಆಚೆ ಬಂದಿರುತ್ತಿತ್ತು.

ಮೊದಲ ಸೋಮವಾರ, ರೌಂಡ್‌ಅಬೌಟ್

ಅಕ್ಕನಿಗೆ ಡ್ರೈವಿಂಗ್ ಕಲಿಸುವವರ ಹೆಸರು ಮೊರೀನ್. ಅರವತ್ತು ದಾಟಿದೆ, ಬೆಳ್ಳಿ ಕೂದಲು, ಕಾಲ ಬಳಿ ಟೀ ಫ್ಲಾಸ್ಕು. ಡ್ಯಾಶ್‌ಬೋರ್ಡಿನಲ್ಲಿ ಒಂದು ಟಾಫಿ ಡಬ್ಬಿ. ಪಾಠ ಚೆನ್ನಾಗಿ ಆದ ದಿನ ಮಾತ್ರ ಅದು ತೆರೆಯುತ್ತದೆ. ನಾನು ಹಿಂದೆ ಕೂರಬಹುದೇ ಎಂದು ಅಕ್ಕ ಕೇಳಿದಾಗ, "ಕೂರಲಿ, ಕಿರುಚದಿದ್ದರೆ ಸಾಕು" ಎಂದರು.

ಹೊರಟ ಮೇಲೆ ಆ ಕಾರಿನಲ್ಲಿ ಪುಟ್ಟ ಪದಗಳ ಸುರಿಮಳೆ. ಪುಲ್ ಔಟ್, ರಸ್ತೆಗೆ ಇಳಿ. ಕೀಪ್ ಅಪ್ ವಿತ್ ದಿ ವೈಟ್ ಕಾರ್, ಬಿಳಿ ಕಾರಿನ ವೇಗಕ್ಕೆ ಸಮನಾಗಿ ಹೋಗು. ಈಸ್ ಆಫ್, ವೇಗ ತಗ್ಗಿಸು. ವಾಚ್ ಔಟ್ ಫಾರ್ ದಿ ಬೈಕ್. ಪುಲ್ ಇನ್ ಬಿಹೈಂಡ್ ದಿ ವ್ಯಾನ್, ವ್ಯಾನಿನ ಹಿಂದೆ ಪಕ್ಕಕ್ಕೆ ನಿಲ್ಲಿಸು. ನಾಲ್ಕು ಗೆರೆ, ಅಡ್ಡ ಒಂದು ಗೆರೆ ಎಂದು ಐದರ ಲೆಕ್ಕದಲ್ಲಿ ಹಾಕುತ್ತಾ ಹೋದೆ. ಊರಾಚೆ ಬರುವಷ್ಟರಲ್ಲಿ ಆ ಪುಟ ಬಿದಿರಿನ ಬೇಲಿಯ ಹಾಗೆ ಕಾಣುತ್ತಿತ್ತು. ನಾಗೇಶನನ್ನು ಆ ಸೀಟಿನಲ್ಲಿ ಒಂದು ಗಂಟೆ ಕೂರಿಸಬೇಕಿತ್ತು ಎನಿಸಿತು.

ಪ್ರತಿ ತಿರುವಿನಲ್ಲೂ ಅಕ್ಕ ಹಾರ್ನ್ ಮುಟ್ಟುತ್ತಿದ್ದಳು. ಒತ್ತುತ್ತಿರಲಿಲ್ಲ, ಮುಟ್ಟುತ್ತಿದ್ದಳು. ನಾವು ಯಾರದಾದರೂ ಮನೆ ಬಾಗಿಲಲ್ಲಿ ನಿಂತು ಸಣ್ಣಗೆ ಕೆಮ್ಮುವುದಿಲ್ಲವೇ, ಹಾಗೆ. ಹೊರಗೆ ನಡೆಯುತ್ತಿದ್ದ ಜನ ಮಾತ್ರ ತಿರುಗಿ ದುರುಗುಟ್ಟಿ ನೋಡಿದರು.

"ಹೂ ಹ್ಯಾವ್ ಯು ಫಾಲನ್ ಔಟ್ ವಿತ್?" ಎಂದು ಮೊರೀನ್ ಕೇಳಿದರು. ಯಾರ ಜೊತೆ ನಿನಗೆ ಜಗಳ ಎಂದು. ಅಲ್ಲಿ ಹಾರ್ನ್ ಬೈಗುಳ. ನಾನು ಹಿಂದಿನಿಂದ ಖುಷಿಯಾಗಿ 'ಫಾಲ್ ಔಟ್ ವಿತ್' ಎಂದು ಬರೆದುಕೊಂಡೆ. ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ನನ್ ಪ್ರಾಣ ಹೋಗ್ತಿದೆ, ನೀನು ನೋಟ್ಸ್ ಮಾಡ್ಕೊ."

ಆಮೇಲೆ ರೌಂಡ್‌ಅಬೌಟ್ ಬಂತು. ನಮ್ಮಲ್ಲಿ ಅದನ್ನು ಸರ್ಕಲ್ ಎನ್ನುತ್ತೇವೆ, ಅದರ ನಿಯಮ ಒಂದೇ: ಮೊದಲು ಮೂತಿ ತೂರಿಸಿದವನದು ದಾರಿ. ಅಲ್ಲಿ ಬಲಗಡೆಯಿಂದ ಬರುವವರಿಗೆ ಬಿಟ್ಟುಕೊಡಬೇಕು, 'ಗಿವ್ ವೇ ಟು'. ಅಕ್ಕ ನಿಂತಳು, ಬಿಟ್ಟುಕೊಟ್ಟಳು, ಮತ್ತೂ ಬಿಟ್ಟುಕೊಟ್ಟಳು. ತೂರಿಸುವ ಆಸೆಯನ್ನು ಕೈ ಬಿಗಿಹಿಡಿದು ತಡೆಯುತ್ತಿದ್ದುದು ಹಿಂದಿನಿಂದ ನನಗೆ ಕಾಣುತ್ತಿತ್ತು. ಕೊನೆಗೆ ಸರಾಗವಾಗಿ ಸುತ್ತಿ ಹೊರಗೆ ಬಂದಾಗ ಟಾಫಿ ಡಬ್ಬಿ ತೆರೆಯಿತು. ನನಗೂ ಒಂದು ಸಿಕ್ಕಿತು, ಕಿರುಚದಿದ್ದಕ್ಕೆ.

ಬುಧವಾರ, ಚರ್ಚಿನ ಹಿಂದಿನ ಓಣಿ

ಎರಡನೆಯ ಟೆಸ್ಟು ಹೇಗೆ ಹೋಯಿತು ಎಂದು ಅಕ್ಕ ಯಾರಿಗೂ ಹೇಳಿರಲಿಲ್ಲ. ಬುಧವಾರ ಚರ್ಚಿನ ಹಿಂದಿನ ಓಣಿಗೆ ಹೋದಾಗ ಮೊರೀನ್ ಹೇಳಿಬಿಟ್ಟರು.

ಆ ಓಣಿ ನಮ್ಮ ಚಾಮರಾಜಪೇಟೆಯ ಅಡ್ಡರಸ್ತೆಗಳಿಗಿಂತ ಏನೂ ಕಿರಿದಲ್ಲ. ಎರಡೂ ಕಡೆ ಕಾರು ನಿಲ್ಲಿಸಿರುತ್ತಾರೆ, ನಡುವೆ ಒಂದೇ ಗಾಡಿ ಹಿಡಿಸುತ್ತದೆ. ಆ ಟೆಸ್ಟಿನ ದಿನ ಎದುರಿನಿಂದ ಒಬ್ಬ ಕಾರಿನಲ್ಲಿ ಬಂದ. ಅಕ್ಕನನ್ನು ನೋಡಿ ನಿಂತು, ಹೆಡ್‌ಲೈಟ್ ಒಮ್ಮೆ ಮಿಟುಕಿಸಿದ.

ನಮ್ಮೂರಿನಲ್ಲಿ ಲೈಟ್ ಕೊಟ್ಟರೆ ಅರ್ಥ ಮಗುವಿಗೂ ಗೊತ್ತು. ನಾನು ಬಂದೆ, ನೀನು ನಿಲ್ಲು. ಅಕ್ಕ ನಿಂತಳು. ಅವನು ಮತ್ತೆ ಮಿಟುಕಿಸಿದ. ಎರಡನೆಯ ಸಲ ಲೈಟ್ ಕೊಟ್ಟರೆ ಅರ್ಥ, ಹೇಳಿದ್ದು ತಿಳಿಯಲಿಲ್ಲವಾ, ಹಿಂದೆ ಸರಿ. ಅಕ್ಕ ರಿವರ್ಸ್ ಹಾಕಿ ಹಿಂದೆ ಸರಿದಳು. ಅವನು ಪಾಪ ಇನ್ನಷ್ಟು ವಿನಯದಿಂದ ಮೂರನೆಯ ಸಲ ಮಿಟುಕಿಸಿದ. ಇವಳು ಇನ್ನಷ್ಟು ಗೌರವದಿಂದ ಇನ್ನಷ್ಟು ಹಿಂದೆ. ಹಿಂದೆ ಅಂಚೆ ವ್ಯಾನು ನಿಂತಿತ್ತು. ಎಕ್ಸಾಮಿನರ್ ಬ್ರೇಕ್ ಒತ್ತಿದರು. ಅಲ್ಲಿಗೆ ಟೆಸ್ಟು ಮುಗಿಯಿತು.

ಆ ದೇಶದಲ್ಲಿ ಲೈಟ್ ಕೊಟ್ಟರೆ 'ನೀವು ಮೊದಲು ಬನ್ನಿ' ಎಂದು ಅರ್ಥ.

ನಾನು ಕಿರುಚಲಿಲ್ಲ, ಆದರೆ ನಕ್ಕೆ. ಮೊರೀನ್ ಗ್ಲೋವ್ ಬಾಕ್ಸಿನಿಂದ ರಸ್ತೆ ನಿಯಮದ ಪುಸ್ತಕ ತೆಗೆದು ಕೊಟ್ಟರು. ಅದರಲ್ಲಿ ಇನ್ನೊಂದೇ ಬರೆದಿತ್ತು. ಲೈಟ್ ಮಿಟುಕಿಸುವುದು 'ನಾನಿಲ್ಲಿದ್ದೇನೆ' ಎಂದು ತಿಳಿಸಲು ಮಾತ್ರ. ಅದನ್ನು 'ಬನ್ನಿ' ಎಂಬ ಆಹ್ವಾನ ಎಂದು ತಿಳಿಯಬೇಡಿ.

"ಹಾಗಾದ್ರೆ ಪುಸ್ತಕದ ಪ್ರಕಾರ ನಾನೇ ಸರಿ ಅಲ್ವಾ?" ಅಕ್ಕ ಇಂಗ್ಲಿಷಿನಲ್ಲಿ ಕೇಳಿದಳು, ಧ್ವನಿ ಪೂರಾ ಚಾಮರಾಜಪೇಟೆಯದು.

"ನೀನೇ ಸರಿ. ಆದರೆ ಸರಿ ಅಂತ ಅಲ್ಲೇ ನಿಂತರೆ ಸಂಜೆಯಾಗುತ್ತೆ" ಎಂದರು ಮೊರೀನ್.

"ಮತ್ತೆ ಅವನು ಬಾ ಅಂತಿದಾನೋ, ನಾನೇ ಬಂದೆ ಅಂತಿದಾನೋ, ಹೇಗೆ ಗೊತ್ತಾಗೋದು?"

"ಯು ಜಸ್ಟ್ ವರ್ಕ್ ಇಟ್ ಔಟ್." ನೋಡಿ ನೀನೇ ತಿಳಿದುಕೊಳ್ಳಬೇಕು, ಅಷ್ಟೇ ಎಂದು.

ಆ ದಿನ ಡಬ್ಬಿ ತೆರೆಯಲಿಲ್ಲ. ಮನೆಗೆ ಬಂದ ಮೇಲೆ ಅಕ್ಕ ಚಪ್ಪಲಿ ಬಿಸಾಡಿದ ರೀತಿ ನೋಡಿ ನಾನು ಡೈರಿ ತೆರೆಯಲಿಲ್ಲ.

"ಅವರು ಪುಟ್ಟ ಪುಟ್ಟ ಪದ ಹಾಕ್ಬಿಡ್ತಾರೆ, ವರ್ಕ್ ಔಟು, ಫಿಗರ್ ಔಟು. ಏನನ್ನ ಔಟ್ ಮಾಡೋದು?" ಎಂದಳು. ನಂತರ ಮೆಲ್ಲಗೆ, "ಇನ್ನೊಂದು ವರ್ಷ ನೈಟ್ ಡ್ಯೂಟಿ ನನ್ ಕೈಲಾಗಲ್ಲ ಕಣೇ" ಎಂದಳು.

ಭಾನುವಾರ, ಹಾಲಿನ ಅಂಗಡಿಯ ದಾರಿ

ಭಾನುವಾರ ಇಬ್ಬರೂ ಉಪ್ಪಿಟ್ಟು ಮಾಡಿದೆವು. ಪಕ್ಕದ ಮನೆಯಾಕೆ ಡೊರೊಥಿ ಎಂಬುವರು ಅದರ ವಾಸನೆಗೆ ಬೇಲಿಯ ಬಳಿ ಬಂದರು, ಒಂದು ಬಟ್ಟಲು ಕೊಟ್ಟೆವು. ಅವರು ಮೊಮ್ಮಗಳನ್ನು "ಈಟ್ ಇಟ್ ಅಪ್" ಎಂದು ಗದರಿಸುತ್ತಿದ್ದುದು ಅಡುಗೆಮನೆಗೆ ಕೇಳಿಸಿತು. ಅದೇ ಹೊತ್ತಿಗೆ ಅಕ್ಕ ಬಾಣಲೆ ನನ್ನ ಕಡೆ ತಳ್ಳಿ "ಉಳಿದಿದ್ದು ತಿಂದ್ಬಿಡು" ಎಂದಳು.

ತಿಂದುಬಿಡು ಎಂದರೆ ತಿಂದು ಆಮೇಲೆ ಬಿಡುವುದಲ್ಲ, ಚೂರೂ ಉಳಿಸದೆ ಮುಗಿಸಬೇಕು. ಅವರು 'ಅಪ್' ಇಟ್ಟ ಜಾಗದಲ್ಲಿ ನಾವು 'ಬಿಡು' ಇಟ್ಟಿದ್ದೇವೆ. ಅವರದು ದಿಕ್ಕು ತೋರಿಸುವ ಪದ, ನಮ್ಮದು ಇನ್ನೊಂದು ಕ್ರಿಯಾಪದ. ನೋಡಿಕೊ, ಬರೆದಿಡು, ಕಿತ್ತುಹಾಕು. ನಮ್ಮ ಆಟೋದವರಿಗೆ ದಾರಿ ಹೇಳುವಾಗ "ಲೆಫ್ಟ್ ಹೊಡ್ದು, ಸ್ಟ್ರೈಟ್ ಹೋಗ್ಬಿಟ್ಟು, ರೈಟ್ ತಗೊಳ್ಳಿ" ಎನ್ನುತ್ತೇವಲ್ಲ, ಅಲ್ಲಿ ಯಾರೂ ಏನನ್ನೂ ಹೊಡೆಯುವುದಿಲ್ಲ. ಹೊರಗಿನವರೊಬ್ಬರು ನಮ್ಮ ಕನ್ನಡ ಕಲಿಯಲು ಬಂದು ನಾಗೇಶನ ಹಾಗೆ ಎದ್ದು ನಿಂತರೆ ನಾವೇನು ಹೇಳುತ್ತೇವೋ.

ಮಧ್ಯಾಹ್ನ ಹಾಲು ತರಲು ಹೊರಟೆವು. ಅಂಗಡಿಯ ಮುಂದೆ ಜನ ದಾಟಲು ಬಿಳಿ ಪಟ್ಟೆ ಹಾಕಿದ್ದಾರೆ. ನಾವು ಅಂಚಿಗೆ ಹೋದ ಕೂಡಲೇ ಒಂದು ಕಾರು ನಿಂತಿತು. ನಾವು ದಾಟಲಿಲ್ಲ. ಕಾರೂ ಕದಲಲಿಲ್ಲ. ನಾವಿಬ್ಬರೂ ಸೊಂಟ ಬಗ್ಗಿಸಿ, ಗಾಜಿನೊಳಗೆ ಕೂತವನ ಮುಖ ನೋಡುತ್ತಿದ್ದೆವು. ಅವನು ಸಂಕೋಚದಿಂದ ಕೈ ಬೀಸಿದ. ಹಿಂದೆ ಇನ್ನೊಂದು ಕಾರು ನಿಂತಿತು. ಆಗ ಓಡಿಕೊಂಡು ದಾಟಿದೆವು, ಗಾಂಧಿ ಬಜಾರಿನಲ್ಲಿ ಓಡುವ ಹಾಗೆ, ಸೆರಗಿಲ್ಲದಿದ್ದರೂ ಸೆರಗು ಹಿಡಿದುಕೊಂಡು.

"ನಿಂತಿದಾನೆ ಅಂತ ಗೊತ್ತಿದ್ರೂ ಮುಖ ನೋಡ್ದೆ ಕಾಲು ಏಳಲ್ಲ ಕಣೇ. ಮೂರು ವರ್ಷ ಆಯ್ತು" ಎಂದು ಅಕ್ಕ ನಕ್ಕಳು. ಆ ವಾರ ಅವಳು ನಕ್ಕಿದ್ದು ಅದೇ ಮೊದಲು.

ಗುರುವಾರ, ಟೆಸ್ಟ್ ಸೆಂಟರ್

ಮೊರೀನ್ ಕಾರು ತಂದಾಗ ಅಕ್ಕ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾರು ಅವಳದಲ್ಲ, ಹಾಗಾಗಿ ಅನುಮತಿ ಕೇಳಿದಳು. "ಗೋ ಆನ್ ದೆನ್" ಎಂದರು ಮೊರೀನ್, ಸರಿ, ಹಚ್ಚು ಎಂದು. ಅಕ್ಕ ಮುಂದಿನ 'ಎಲ್' ಬೋರ್ಡಿನ ಮೇಲೆ ಮೂರು ಬೆರಳು ಅಡ್ಡ ಎಳೆದಳು. ಕೆಂಪು ಅಕ್ಷರಕ್ಕೆ ಬಿಳಿ ಪಟ್ಟೆ ಚೆನ್ನಾಗಿಯೇ ಒಪ್ಪಿತು.

ಎಕ್ಸಾಮಿನರ್ ಎತ್ತರದ ಮನುಷ್ಯ, ಟೈ ಕಟ್ಟಿದ್ದರು, ನಗುವ ಅಭ್ಯಾಸ ಇಟ್ಟುಕೊಂಡ ಹಾಗಿರಲಿಲ್ಲ. ಅವರು ಬೋರ್ಡು ನೋಡಿದರು, ಅಕ್ಕನ ಹಣೆ ನೋಡಿದರು, ಹತ್ತಿ ಕೂತರು. ಕಾರು ಹೋಯಿತು.

ಕಾಯುವ ಕೋಣೆಯಲ್ಲಿ ನಾನು ಮತ್ತು ಮೊರೀನ್. ಅವರು ಟಾಫಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಒಂದು ಬಿಚ್ಚಿ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಇನ್ನೊಂದು.

"ನಿಮಗೂ ಭಯವಾ?" ಎಂದೆ.

"ನಿನ್ನಕ್ಕ ಎರಡು ವರ್ಷದ ಹಿಂದೆ ನನ್ನ ಗಂಡನ್ನ ನೋಡ್ಕೊಂಡೋಳು, ಆ ವಾರ್ಡಿನಲ್ಲಿ, ರಾತ್ರಿ ಪಾಳಿಯಲ್ಲಿ" ಎಂದರು. ಅವರ ಮಾತಿನಲ್ಲಿ ಅದು 'ಲುಕ್ಡ್ ಆಫ್ಟರ್' ಎಂದಿತ್ತು. "ಅವಳಿಗೆ ಹಗಲು ಸಿಗಬೇಕು" ಎಂದು ಮತ್ತೊಂದು ಟಾಫಿ ಬಿಚ್ಚಿದರು. ನಾನು ಡೈರಿ ಮುಚ್ಚಿಟ್ಟೆ.

ಕಾರು ಬಂದು ನಿಂತಿತು. ಒಳಗೆ ಎಕ್ಸಾಮಿನರ್ ಏನೋ ಹೇಳುತ್ತಲೇ ಇದ್ದರು, ಅಕ್ಕ ಸ್ಟಿಯರಿಂಗ್ ನೋಡುತ್ತಾ ತಲೆಯಾಡಿಸುತ್ತಿದ್ದಳು. ಅವರು ಇಳಿದು ನಮ್ಮನ್ನು ದಾಟಿ ಒಳಗೆ ಹೋದರು. ಅಕ್ಕ ಇಳಿದಳು. ಮುಖದಲ್ಲಿ ಏನೂ ಇರಲಿಲ್ಲ.

"ಸ್ಯಾಂಡ್‌ವಿಚ್" ಎಂದಳು.

"ಏನೇ?"

"ಅದೇ ಓಣಿಗೆ ಕರ್ಕೊಂಡ್ ಹೋದ್ರು ಕಣೇ. ಎದುರಿಗೆ ಒಂದು ವ್ಯಾನ್ ಬಂತು. ನಿಂತ್ಕೊಂಡ, ಲೈಟ್ ಕೊಟ್ಟ. ನನ್ ಕಾಲು ಬ್ರೇಕ್ ಮೇಲೆ. ಕೈ ಗೇರ್ ಹತ್ರ ಹೋಗ್ಬಿಡ್ತು, ರಿವರ್ಸ್‌ಗೆ."

"ಆಮೇಲೆ?"

"ಭಾನುವಾರ ಪಟ್ಟೆ ಹತ್ರ ಬಗ್ಗಿ ನೋಡಿದ್ವಲ್ಲ, ಹಂಗೆ ಬಗ್ಗಿ ಅವನ ಮುಖ ನೋಡ್ದೆ. ಲೈಟ್ ಕೊಟ್ಟೋನು ಪಕ್ಕದಿಂದ ಒಂದು ಸ್ಯಾಂಡ್‌ವಿಚ್ ಎತ್ಕೊಂಡ. ಎರಡೂ ಕೈಯಲ್ಲಿ. ದೊಡ್ಡದು. ಎರಡೂ ಕೈಯಲ್ಲಿ ತಿಂತಿರೋನು ಎಲ್ಲಿ ಬರ್ತಾನೆ? ಹೋಗ್ಬಿಟ್ಟೆ."

"ಪಾಸಾ?"

"ಪಾಸು."

ಮೊರೀನ್‌ಗೆ ಕೊನೆಯ ಪದ ಮಾತ್ರ ಅರ್ಥವಾಯಿತು, ಅಷ್ಟು ಸಾಕಾಗಿತ್ತು. ಅಕ್ಕನನ್ನು ತಬ್ಬಿಕೊಂಡು, ಡಬ್ಬಿ ತೆರೆದು, ತಳ ನೋಡಿ, "ವಿ ಹ್ಯಾವ್ ರನ್ ಔಟ್ ಆಫ್ ಟಾಫೀಸ್" ಎಂದರು. ಎಲ್ಲ ಅವರೇ ತಿಂದು ಮುಗಿಸಿದ್ದರು. ನಂತರ ಬಗ್ಗಿ 'ಎಲ್' ಬೋರ್ಡು ಕಿತ್ತರು. ಅಕ್ಕ ಒರೆಸಲು ಕರ್ಚೀಫು ತೆಗೆದಾಗ ಅವರು ಬೋರ್ಡನ್ನು ಹಿಂದಕ್ಕೆ ಎಳೆದುಕೊಂಡರು.

"ಇರಲಿ ಬಿಡು. ನಾಳೆ ಇನ್ನಿಬ್ಬರದು ಟೆಸ್ಟಿದೆ."

ಕೊನೆಯ ಸೋಮವಾರ, ಸ್ಟೇಷನ್ ಮುಂದೆ

ನಾನು ಹೊರಡುವ ದಿನವೇ ಅಕ್ಕನ ಹೊಸ ಕೆಲಸದ ಮೊದಲ ದಿನ. ಆಫೀಸಿನ ಪುಟ್ಟ ನೀಲಿ ಕಾರಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟಳು. ಹಿಂದಿನ ಸೀಟಿನಲ್ಲಿ ಪಟ್ಟಿ, ಮುಲಾಮಿನ ಪೆಟ್ಟಿಗೆ. ನಾನು ಮೊದಲ ಸಲ ಮುಂದೆ ಕೂತಿದ್ದೆ. ಬೆಳಗಿನ ಬಿಸಿಲು ನೇರ ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಗಾಜಿನ ಮೇಲಿನ ಬಿಸಿಲು ತಡೆಯುವ ಪಟ್ಟಿ ಇಳಿಸು ಎಂದೆ. "ಇರಲಿ ಬಿಡೇ, ಚೆನ್ನಾಗಿದೆ" ಎಂದಳು.

ಡೈರಿಯ ಕೊನೆಯ ಪುಟಗಳು ತುಂಬಿದ್ದವು. ನಾಗೇಶನಿಗೆ ಹೇಳಲು ಉತ್ತರವೂ ಇತ್ತು: ಹೌದಪ್ಪ, ನಿಜವಾಗಿಯೂ ಹೀಗೇ ಮಾತಾಡುತ್ತಾರೆ. ಆದರೆ ಅಕ್ಕ ಒಂದನ್ನೂ ಬರೆದುಕೊಳ್ಳಲಿಲ್ಲ. ಪುಲ್ ಔಟ್, ಈಸ್ ಆಫ್, ಗಿವ್ ವೇ ಟು, ಎಲ್ಲವನ್ನೂ ಕೈಕಾಲಿನಲ್ಲಿ ಕಲಿತಿದ್ದಳು. ಮುಂದಿನ ಬ್ಯಾಚಿಗೆ ಪಾಠ ಮಾಡುವಾಗ ಎಲ್ಲರನ್ನೂ ಬೆಂಚಿನಿಂದ ಎಬ್ಬಿಸಬೇಕು ಎಂದು ತೀರ್ಮಾನಿಸಿದ್ದೇನೆ.

"ಮೊದಲು ಯಾರ್ ಮನೆ?"

"ಒಬ್ಬರು ತಾತ, ಗುಡ್ಡದ ಮೇಲೆ. ಕಾಲಿಗೆ ಪಟ್ಟಿ ಬದಲಾಯಿಸ್ಬೇಕು. ಅವರ ನಾಯಿ ಹುಷಾರು ಅಂತ ಬರೆದಿದಾರೆ."

ನಾನಿಳಿದು ಪೆಟ್ಟಿಗೆ ತೆಗೆದುಕೊಂಡೆ. "ಹೋಗ್ಬಿಟ್ ಬಾ" ಎಂದಳು ಅಕ್ಕ. "ನೀನೂ ಹೋಗ್ಬಿಟ್ ಬಾ" ಎಂದೆ.

ಅವಳು ಕನ್ನಡಿ ನೋಡಿದಳು, ಭುಜದ ಮೇಲಿಂದ ಹಿಂದೆ ನೋಡಿದಳು, ಹೊರಟಳು. ಸ್ಟೇಷನ್ ಗೇಟಿನ ಬಳಿ ದಾರಿ ಕಿರಿದು. ಎದುರಿನಿಂದ ಬಂದ ಕೆಂಪು ಕಾರು ನಿಂತು ಲೈಟ್ ಕೊಟ್ಟಿತು. ಅಕ್ಕನ ಬ್ರೇಕಿನ ದೀಪ ಹತ್ತಿತು. ಹಿಂದಿನ ಗಾಜಿನಲ್ಲಿ ಅವಳ ತಲೆ ತುಸು ಬಗ್ಗಿದ್ದು ಕಂಡಿತು. ಆ ಕಾರಿನವನ ಕೈಯಲ್ಲಿ ಏನಿತ್ತೋ ನನಗೆ ಕಾಣಲಿಲ್ಲ. ಬ್ರೇಕಿನ ದೀಪ ಆರಿತು, ಅಕ್ಕ ಅವನಿಗೆ ಒಂದು ಕೈ ಎತ್ತಿ ಗುಡ್ಡದ ಕಡೆ ತಿರುಗಿದಳು.